ಅರ್ಜಿ ತುಂಬಿಕೊಟ್ಟವರ ಚರಿತ್ರೆ

1

ಹೋದ ವರ್ಷದ ಒಂದು ಮಧ್ಯಾಹ್ನದಿಂದ ಈ ಬರಹವನ್ನು ಶುರುಮಾಡಬೇಕಾಗಿದೆ. ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಕಾಲೇಜಿನಲ್ಲಿ ನಾನು ಚರಿತ್ರೆ ಪಾಠ ಮಾಡುವ ಅತಿಥಿ ಉಪನ್ಯಾಸಕ. ಸ್ಟಾಫ್ ರೂಮಿನ ಬಾಗಿಲಲ್ಲಿ ಕೊನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ ಹಿಡಿದು ನಿಂತಿದ್ದಳು. ನಮ್ಮ ಕಡೆಯ ಹುಡುಗಿ, ಹಾಸ್ಟೆಲಿನವಳು. 'ಸಾ, ಎಂ.ಎ.ಗೆ ಅರ್ಜಿ ಹಾಕ್ಬೇಕಿತ್ತು. ಆದಾಯದ ಸರ್ಟಿಫಿಕೇಟು ಹಳೇದಾಗೋಗದೆ. ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸ್ರು, ಆಧಾರಲ್ಲಿ ಇನ್ನೊಂದು ಹೆಸ್ರು ಅದೆ. ಏನ್ ಮಾಡ್ಲಿ?' ನಾನು ಫೈಲೊಂದರಲ್ಲಿ ಮುಳುಗಿದ್ದೆ. 'ನಾಳೆ ಬಾರಮ್ಮ' ಅಂದೆ. ನಾಳೆ ನಾನು ರಜೆ ಹಾಕಿದ್ದೆ. ಮತ್ತೊಮ್ಮೆ ಬಂದಳಂತೆ, ಕ್ಲಾಸಿನಲ್ಲಿದ್ದೆ. ಅಷ್ಟರಲ್ಲಿ ಕೊನೇ ದಿನಾಂಕ ಮುಗಿದಿತ್ತು. ಈಗ ಅವಳು ಬೆಳಿಗ್ಗೆ ಆರೂವರೆಯ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

ಅವತ್ತು ನಾನು ಮುಳುಗಿದ್ದ ಫೈಲು ಯಾವುದು ಎಂಬುದನ್ನೂ ಹೇಳಿಬಿಡುತ್ತೇನೆ. ನ್ಯಾಕ್ ತಂಡ ಬರುವುದಿತ್ತು. ಪ್ರತಿ ಅಧ್ಯಾಪಕನಿಗೂ ಇಷ್ಟು ಮಂದಿ ವಿದ್ಯಾರ್ಥಿಗಳೆಂದು ಹಂಚಿ, ಅವರಿಗೆ ಆತ 'ಮೆಂಟರ್' ಆಗಿ ಓದು, ಉದ್ಯೋಗ, ಬದುಕಿನ ಬಗ್ಗೆ ಮಾರ್ಗದರ್ಶನ ಮಾಡಿದ್ದಾನೆಂದು ತೋರಿಸುವ ಪುಸ್ತಕ ಅದು. ನನ್ನ ಪಾಲಿನ ಪಟ್ಟಿಯಲ್ಲಿ ಆ ಹುಡುಗಿಯ ಹೆಸರೂ ಇತ್ತು. ನಾಲ್ಕು ಭೇಟಿಗಳ ಮುಂದೆ ಅವಳ ನಾಲ್ಕು ಸಹಿಗಳಿದ್ದವು. ಒಂದೇ ದಿನ, ಒಂದೇ ಪೆನ್ನಿನಲ್ಲಿ ಹಾಕಿಸಿಕೊಂಡಿದ್ದ ಸಹಿಗಳು. ದಾಖಲೆಯ ಪ್ರಕಾರ ನಾನು ಅವಳಿಗೆ ದಾರಿ ತೋರಿಸಿದವನು. ಚರಿತ್ರೆ ಓದಿದ ನನಗೆ ದಾಖಲೆ ಹೇಗೆ ಸುಳ್ಳು ಹೇಳುತ್ತದೆ ಅನ್ನುವುದನ್ನು ಕಲಿಯಲು ಪತ್ರಾಗಾರಕ್ಕೆ ಹೋಗಬೇಕಾಗಲಿಲ್ಲ.

ಇದನ್ನು ತಪ್ಪೊಪ್ಪಿಗೆಯಾಗಿ ಬರೆಯುತ್ತಿಲ್ಲ. ತಪ್ಪೊಪ್ಪಿಕೊಂಡರೆ ಅವಳ ವರ್ಷ ವಾಪಸು ಬರುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ನಾನು ಈ ಕುರ್ಚಿಗೆ ಬಂದದ್ದು ಯಾರೋ ನನ್ನ ಅರ್ಜಿಯನ್ನು ಕೊನೇ ದಿನದೊಳಗೆ ತುಂಬಿದ್ದರಿಂದ. ಆ 'ಯಾರೋ' ಚರಿತ್ರೆಯಲ್ಲಿ ಎಲ್ಲಿದ್ದಾರೆ? ದಲಿತರ ಓದಿನ ಚರಿತ್ರೆಯನ್ನು ನಾವು ಬಾಗಿಲು ಮುಚ್ಚಿದವರ ಚರಿತ್ರೆಯಾಗಿ ಬರೆದಿದ್ದೇವೆ. ಅದು ಸರಿ, ಬರೆಯಲೇಬೇಕಿತ್ತು. ಆದರೆ ಮುಚ್ಚಿದ ಬಾಗಿಲ ಮುಂದೆ ನಿಂತ ಮಗುವಿನ ಕೈ ಹಿಡಿದವರು ಯಾರು, ಹೇಗೆ ಹಿಡಿದರು, ಹಿಡಿದದ್ದಕ್ಕೆ ಏನು ಕೇಳಿದರು ಎಂಬುದನ್ನು ಒಂದು ಚರಿತ್ರೆಯಾಗಿ ಜೋಡಿಸಿ ನೋಡಿದ್ದು ಕಡಿಮೆ.

2

ಈ ಮಾತು ಎತ್ತಿದ ಕೂಡಲೇ ದ್ರೋಣ ಏಕಲವ್ಯರು ಬಂದು ನಿಲ್ಲುತ್ತಾರೆ. ಹೇಳಿ ಹೇಳಿ ಸವೆದ ಕತೆ. ಆದರೂ ಅದರಲ್ಲಿ ನಾವು ಸಾಕಷ್ಟು ಗಮನಿಸದ ಒಂದು ಸಂಗತಿ ಇದೆ. ಹೆಬ್ಬೆರಳು ಕೇಳಿದ್ದು ಕ್ರೌರ್ಯ, ಸರಿ. ಅದಕ್ಕಿಂತ ಮುಂಚೆ, ಕಲಿಸದೇ ಇದ್ದವನು 'ನಾನೇ ಗುರು' ಎಂದು ಒಪ್ಪಿಕೊಂಡದ್ದಿದೆಯಲ್ಲ, ಅದು ಹೆಚ್ಚು ಪರಿಚಿತ. ನನ್ನ ಮೆಂಟರ್ ಪುಸ್ತಕದ ನಾಲ್ಕು ಸಹಿಗಳೂ ಅದೇ ಜಾತಿಯವು. ಮಾಡದ ಕೆಲಸದ ಲೆಕ್ಕ ತೆಗೆದುಕೊಳ್ಳುವುದು ನಮ್ಮ ಗುರುಪರಂಪರೆಯ ಹಳೆಯ ಚಾಳಿ.

ಇದಕ್ಕೆ ಎದುರಾದ ಇನ್ನೊಂದು ಪರಂಪರೆ ಪುಣೆಯಲ್ಲಿ ಸಿಗುತ್ತದೆ. 1848ರಿಂದ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ನಡೆಸಿದ ಶಾಲೆಗಳ ಬಗ್ಗೆ ನಮಗೆ ಗೊತ್ತು. ಆ ಶಾಲೆಗಳಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ. ಹದಿನಾಲ್ಕರ ಆಸುಪಾಸಿನ ಆ ಹುಡುಗಿ ಮಹಾರ ಮಾಂಗರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರದಾದರೆ ನಮ್ಮ ಧರ್ಮಗ್ರಂಥ ಯಾವುದು, ಗ್ರಂಥವೇ ಇಲ್ಲದ ನಾವು ಧರ್ಮವಿಲ್ಲದವರಲ್ಲವೇ ಎಂದು ಆಕೆ ಅದರಲ್ಲಿ ಕೇಳುತ್ತಾಳೆ. ಮಾಂಗರ ಒಳಗಿನ ಹಸಿವಿನಿಂದ ಹಿಡಿದು ಹೆರಿಗೆಯ ಸಂಕಟದವರೆಗೆ ಬರೆಯುತ್ತಾಳೆ. ಮೂರು ವರ್ಷ ಅಕ್ಷರ ಕಲಿತ ಮಗು ಕೇಳಿದ ಪ್ರಶ್ನೆ ಇದು. ಕಲಿಸಿದವರ ಯೋಗ್ಯತೆಯನ್ನು ಕಲಿತವರು ಕೇಳುವ ಪ್ರಶ್ನೆಯಿಂದ ಅಳೆಯುವುದಾದರೆ, ಫುಲೆ ದಂಪತಿಗಳ ದೊಡ್ಡ ದಾಖಲೆ ಮುಕ್ತಾಳ ಆ ಪ್ರಬಂಧವೇ.

ಒಬ್ಬರು ಗುರುದಕ್ಷಿಣೆ ಕೇಳುತ್ತಾರೆ. ಇನ್ನೊಬ್ಬರು ಪ್ರಶ್ನೆ ಕೇಳಲು ಕಲಿಸುತ್ತಾರೆ. ಆದರೆ ನಿಜವಾದ ಚರಿತ್ರೆ ಇಷ್ಟು ಸರಳವಾಗಿಲ್ಲ. ಇವೆರಡರ ನಡುವೆ ಎಷ್ಟೋ ಬಗೆಯ ಕೈಗಳಿವೆ. ಅದನ್ನು ನೋಡಲು ಅಂಬೇಡ್ಕರ್ ಅವರ ಬಾಲ್ಯದ ಒಂದು ಸಭೆಗೆ ಹೋಗಬೇಕು.

3

ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಮುಂಬಯಿಯ ಶಾಲಾ ಅಧ್ಯಾಪಕರು, ಮರಾಠಿ ಲೇಖಕರು. ಶಾಲೆ ಬಿಟ್ಟ ಮೇಲೆ ತೋಟದಲ್ಲಿ ಕೂತು ಓದುತ್ತಿದ್ದ ಹುಡುಗ ಭೀಮನನ್ನು ಕಂಡು ಮಾತಾಡಿಸಿದವರು, ಪುಸ್ತಕ ಕೊಟ್ಟವರು, ಮುಂದೆ ಬರೋಡಾ ಮಹಾರಾಜರ ಬಳಿ ಕರೆದೊಯ್ದವರು ಎಂದು ಜೀವನಚರಿತ್ರೆಗಳು ಹೇಳುತ್ತವೆ. 1907ರಲ್ಲಿ ಅಂಬೇಡ್ಕರ್ ಮೆಟ್ರಿಕ್ ಪಾಸಾದಾಗ ನಡೆದ ಸನ್ಮಾನ ಸಭೆಯಲ್ಲಿ ತಾವೇ ಬರೆದ ಬುದ್ಧಚರಿತ್ರೆಯನ್ನು ಕೇಳುಸ್ಕರ್ ಉಡುಗೊರೆ ಕೊಟ್ಟರು ಎಂಬುದು ಪ್ರಚಲಿತ ಕತೆ. ನಮ್ಮ ಭಾಷಣಗಳಲ್ಲೂ ಹೀಗೇ ಬರುತ್ತದೆ: ಒಬ್ಬ ಉದಾರ ಮೇಷ್ಟ್ರು, ಒಬ್ಬ ಪ್ರತಿಭಾವಂತ ಹುಡುಗ, ಒಂದು ಪುಸ್ತಕ.

ಆದರೆ 1956ರಲ್ಲಿ ಅಂಬೇಡ್ಕರ್ ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಕೃತಿಗಾಗಿ ಬರೆದ ಮುನ್ನುಡಿಯೊಂದಿದೆ. ಪುಸ್ತಕದ ಮೊದಲ ಮುದ್ರಣದಲ್ಲಿ ಅದು ಸೇರಲಿಲ್ಲ. ಅದರಲ್ಲಿ ಅವರು ಈ ಪ್ರಸಂಗವನ್ನು ತಾವೇ ನೆನೆಯುತ್ತಾರೆ. ಅವರ ನೆನಪಿನ ಪ್ರಕಾರ ಸಭೆ ನಡೆದದ್ದು ಮೆಟ್ರಿಕ್ ಆದಾಗ ಅಲ್ಲ, ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ. ಯಾವ ವರ್ಷ ಸರಿ ಎಂಬುದಕ್ಕಿಂತ ಮುಖ್ಯವಾದದ್ದು ಅಲ್ಲಿ ಸಿಗುವ ಇನ್ನೊಂದು ವಿವರ. ಸಭೆ ಮಾಡಬೇಕೆಂದು ಮೊದಲು ಹೊರಟವರು ಅವರ ಸಮುದಾಯದ ಜನ. ಬೇರೆ ಜಾತಿಗಳಲ್ಲಿ ಅದೊಂದು ಸಂಭ್ರಮಪಡುವ ಸಂಗತಿಯೇ ಆಗಿರಲಿಲ್ಲ. ನಮ್ಮೊಳಗೆ ಒಬ್ಬ ಹುಡುಗ ಅಲ್ಲಿವರೆಗೆ ಹೋದನಲ್ಲ ಎಂದು ಅವರು ಅಪ್ಪ ರಾಮಜಿಯವರ ಹತ್ತಿರ ಹೋಗಿ ಕೇಳಿದರು. ರಾಮಜಿ ಖಂಡಿತ ಬೇಡ ಎಂದರು. ಪರೀಕ್ಷೆ ಪಾಸಾಗಿದ್ದಾನೆ ಅಷ್ಟೆ, ಹೊಗಳಿದರೆ ತಲೆ ತಿರುಗುತ್ತದೆ ಎಂಬುದು ಅವರ ವಾದ. ಜನ ಬಿಡಲಿಲ್ಲ. ರಾಮಜಿಯವರ ಗೆಳೆಯರಾದ ದಾದಾ ಕೇಳುಸ್ಕರ್ ಬಳಿ ಹೋಗಿ, ನೀವು ಹೇಳಿ ಒಪ್ಪಿಸಿ ಎಂದರು. ಅವರು ಮಧ್ಯೆ ಬಂದರು, ವಾದ ಮಾಡಿದರು, ಸಭೆ ನಡೆಯಿತು. ಆ ಸಭೆಯ ಅಧ್ಯಕ್ಷತೆ ವಹಿಸಿದ್ದರಿಂದಲೇ ಪುಸ್ತಕ ಕೊಡುವ ಸಂದರ್ಭ ಬಂತು.

ಈ ವಿವರವನ್ನು ನಾವು ನಿಧಾನವಾಗಿ ಓದಬೇಕು. ಬುದ್ಧನ ಪುಸ್ತಕ ಹುಡುಗನ ಕೈಗೆ ಬಂದದ್ದು ಒಬ್ಬ ಮೇಷ್ಟ್ರ ಒಳ್ಳೆಯತನದಿಂದ, ಹೌದು. ಆದರೆ ಆ ಮೇಷ್ಟ್ರನ್ನು ಎಳೆತಂದು ಕೂರಿಸಿದವರು ಹೆಸರಿಲ್ಲದ ಒಂದಿಷ್ಟು ಜನ. ಅವರಲ್ಲಿ ಎಷ್ಟು ಮಂದಿಗೆ ಓದಲು ಬರುತ್ತಿತ್ತೋ! 1956ರಲ್ಲಿ ಲಕ್ಷಾಂತರ ಜನ ಬೌದ್ಧರಾದ ಘಟನೆಯ ಹಿಂದೆ ಕೇಳುಸ್ಕರರ ಪುಸ್ತಕವಿದೆ ಎನ್ನುವುದಾದರೆ, ಆ ಪುಸ್ತಕದ ಹಿಂದೆ ಅಪ್ಪನ ಜತೆ ಜಗಳವಾಡಿದ ಕೇರಿ ಇದೆ. ಮಾರ್ಗದರ್ಶಕನನ್ನು ಹುಡುಕುವ ಕೆಲಸವನ್ನು ಹುಡುಗ ಒಬ್ಬನೇ ಮಾಡಲಿಲ್ಲ, ಸಮುದಾಯ ಅವನ ಪರವಾಗಿ ಮಾಡಿತು.

ಬರೋಡಾದ ಕತೆ ಇದರ ಇನ್ನೊಂದು ಮುಖ. ಕಾಲೇಜು ಓದು ನಿಲ್ಲುವ ಹಂತದಲ್ಲಿದ್ದಾಗ ಕೇಳುಸ್ಕರರ ಮಾತಿನ ಮೇಲೆ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. 1913ರ ಜೂನ್ 4ರಂದು ಅಮೆರಿಕದ ಓದಿಗಾಗಿ ಕರಾರುಪತ್ರಕ್ಕೆ ಸಹಿಯಾಯಿತು: ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಹಿಂದಿರುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ. ಕೊಲಂಬಿಯಾದಲ್ಲಿ ಎಡ್ವಿನ್ ಸೆಲಿಗ್‌ಮನ್, ಜಾನ್ ಡ್ಯೂಯಿ ಅಂಥ ಅಧ್ಯಾಪಕರು ಸಿಕ್ಕಿದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು, ಲಂಡನ್ನಿನ ಓದು ಅರ್ಧಕ್ಕೆ ನಿಂತು, ಕರಾರಿನಂತೆ ಬರೋಡಾಕ್ಕೆ ಬಂದರು. ಮುಂದಿನದು ನಮಗೆ ಗೊತ್ತು. ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಊರಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿ ಉಳಿದರೆ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು.

ಸಯಾಜಿರಾಯರನ್ನು ಇಲ್ಲಿ ಹಳಿಯುವುದು ನನ್ನ ಉದ್ದೇಶವಲ್ಲ. ಅವರು ಮಾಡಿದ್ದನ್ನು ಆ ಕಾಲದ ಎಷ್ಟು ಅರಸರು ಮಾಡಿದರು? ಆದರೆ ಒಬ್ಬ ದೊರೆಯ ಒಳ್ಳೆಯತನ ನ್ಯೂಯಾರ್ಕಿನ ಬಾಗಿಲು ತೆರೆಸಬಲ್ಲದು, ತನ್ನದೇ ರಾಜಧಾನಿಯಲ್ಲಿ ಒಂದು ಕೋಣೆ ಕೊಡಿಸಲಾರದು. ದಾನಿ ಎಷ್ಟೇ ದೊಡ್ಡವನಾದರೂ ಒಬ್ಬನೇ. ಜಾತಿ ಒಬ್ಬನಲ್ಲ. ಅಂಬೇಡ್ಕರ್ 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟದ್ದು ತಮ್ಮ ಉಳಿತಾಯದಿಂದ, ಶಾಹು ಮಹಾರಾಜರ ನೆರವಿನಿಂದ, ಕೊಲಂಬಿಯಾ ಕಾಲದ ಗೆಳೆಯ ನವಲ್ ಭಥೇನ ಕೊಟ್ಟ ಸಾಲದಿಂದ. ದಾನದ ಜೊತೆಗೆ ಗೆಳೆತನ ಸೇರಿದಾಗ ಮಾತ್ರ ಅರ್ಧಕ್ಕೆ ನಿಂತ ಓದು ಮುಂದಕ್ಕೆ ಹೋಯಿತು.

4

ಇದರಿಂದ ಅಂಬೇಡ್ಕರ್ ಏನು ಕಲಿತರು ಎಂಬುದಕ್ಕೆ ಅವರು ಆಮೇಲೆ ಮಾಡಿದ ಕೆಲಸವೇ ಉತ್ತರ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಅದರ ಮೊದಲ ಕೆಲಸಗಳಲ್ಲೊಂದು 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯ. ಆ ದಶಕ ಮುಗಿಯುವಷ್ಟರಲ್ಲಿ ನಮ್ಮ ಧಾರವಾಡದಲ್ಲೂ ಅಂಥದೊಂದು ನಿಲಯ ಬಂತು. 1942ರಲ್ಲಿ ವೈಸರಾಯಿ ಕೌನ್ಸಿಲಿನ ಸದಸ್ಯರಾದಾಗ ಪರಿಶಿಷ್ಟರ ಕುಂದುಕೊರತೆಗಳ ಮನವಿಪತ್ರ ಸಲ್ಲಿಸಿ ಉನ್ನತ ಶಿಕ್ಷಣಕ್ಕೆ ಹಣ ಕೇಳಿದರು. ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ಅಂದರೆ, ತನಗೆ ಸಿಕ್ಕ ಕೇಳುಸ್ಕರ್, ತನಗೆ ಸಿಕ್ಕ ಗಾಯಕವಾಡರು ಎಲ್ಲ ಮಕ್ಕಳಿಗೂ ಸಿಗುವುದಿಲ್ಲ, ಅದೃಷ್ಟವನ್ನು ಹಕ್ಕಾಗಿ ಮಾಡಬೇಕು ಎಂಬ ತಿಳಿವು ಇದು. ನನ್ನ ಖಾತೆಗೆ ಬಿದ್ದ ವಿದ್ಯಾರ್ಥಿವೇತನದ ಬೇರು ಆ ಮನವಿಪತ್ರದಲ್ಲಿದೆ.

1950ರಲ್ಲಿ ಔರಂಗಾಬಾದಿನಲ್ಲಿ ಅವರು ಶುರುಮಾಡಿದ ಕಾಲೇಜಿಗೆ ಮುಂದೆ ಮಿಲಿಂದ ಎಂದು ಹೆಸರಾಯಿತು. ಬೌದ್ಧ ಗ್ರಂಥದಲ್ಲಿ ಮಿಲಿಂದ ಪ್ರಶ್ನೆ ಕೇಳುವವನು, ನಾಗಸೇನ ಉತ್ತರ ಹೇಳುವವನು. ಕಾಲೇಜಿನ ಆವರಣದ ಹೆಸರು ನಾಗಸೇನವನ. ಉತ್ತರ ಹೇಳುವವನ ನೆರಳಲ್ಲಿ ಪ್ರಶ್ನೆ ಕೇಳುವವನ ಮನೆ! ಅಲ್ಲಿ ಪಾಠ ಮಾಡಿದ ಎಂ.ಎನ್. ವಾನಖೇಡೆ, ಗಂಗಾಧರ ಪಾನತಾವಣೆ ಮುಂತಾದವರ ಸುತ್ತ ಮರಾಠಿಯ ದಲಿತ ಸಾಹಿತ್ಯ ಬೆಳೆಯಿತು. ಪಾನತಾವಣೆಯವರ 'ಅಸ್ಮಿತಾದರ್ಶ' ಪತ್ರಿಕೆ ಎಷ್ಟೋ ಜನರ ಮೊದಲ ಬರಹ ಅಚ್ಚುಮಾಡಿತು. ವಿದ್ಯಾರ್ಥಿಯ ಹಸ್ತಪ್ರತಿಯನ್ನು ತಿದ್ದಿ, ಅಂಚೆಗೆ ಹಾಕಿ, ಬಂದ ಪತ್ರಿಕೆಯನ್ನು ತೋರಿಸುವ ಮೇಷ್ಟ್ರುಗಳಿದ್ದ ಕಡೆ ಸಾಹಿತ್ಯ ಚಳವಳಿ ಹುಟ್ಟಿತು ಎಂಬುದನ್ನು ದಲಿತ ವಿಮರ್ಶೆ ಮರೆಯಬಾರದು.

ಕರ್ನಾಟಕಕ್ಕೆ ಬಂದರೆ ಮಂಗಳೂರಿನ ಕುದ್ಮುಲ್ ರಂಗರಾವ್ ಮೊದಲು ನೆನಪಾಗುತ್ತಾರೆ. 1897ರಲ್ಲಿ ಅವರು ದಮನಿತರಿಗಾಗಿ ಮಿಷನ್ ಕಟ್ಟಿ, ಶಾಲೆ ತೆರೆದು, ಜಾತಿಯಿಂದ ಬಹಿಷ್ಕಾರಕ್ಕೆ ಒಳಗಾದವರು. ದಲಿತನೊಬ್ಬ ಓದಿ ದೊಡ್ಡವನಾಗಿ ಕಾರಿನಲ್ಲಿ ಹೋಗುವಾಗ ಆ ದೂಳು ನನ್ನ ತಲೆಗೆ ತಾಗಿದರೆ ಬದುಕು ಸಾರ್ಥಕ ಎಂಬರ್ಥದ ಅವರ ಮಾತು ಅವರ ಸಮಾಧಿಯ ಮೇಲಿದೆ. ಸ್ವಂತ ಜಾತಿಯನ್ನು ಎದುರು ಹಾಕಿಕೊಂಡ ಆ ಮನುಷ್ಯನ ಮುಂದೆ ತಲೆಬಾಗುತ್ತೇನೆ. ಆದರೂ ನನ್ನೊಳಗಿನ ವಿದ್ಯಾರ್ಥಿಗೆ ಒಂದು ಕೇಳಬೇಕೆನಿಸುತ್ತದೆ: ಕಾರಿನಲ್ಲಿ ಹೋದವನು ದೂಳೆಬ್ಬಿಸಿ ಹೋಗೇಬಿಟ್ಟರೆ ಹಿಂದೆ ನಡೆದು ಬರುವ ಮಗುವಿನ ಗತಿಯೇನು? ಅದಕ್ಕೆ ಉತ್ತರ ಕೊಡಬೇಕಾದವರು ರಂಗರಾಯರಲ್ಲ, ಕಾರು ಹತ್ತಿದವರು.

ಆ ಉತ್ತರದ ಹುಡುಕಾಟ ಎಪ್ಪತ್ತರ ದಶಕದಲ್ಲಿ ನಡೆಯಿತು. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿನ ಗಲಭೆಯಾದಾಗ ಹಾಸ್ಟೆಲುಗಳ ದಲಿತ ಹುಡುಗರು ಪೆಟ್ಟು ತಿಂದರು. ಅದೇ ಹುಡುಗರು ಮುಂದೆ ಒಂದಾದರು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಮೊದಲಿಗರು. ತರಗತಿಯ ಮೇಷ್ಟ್ರೇ ಚಳವಳಿಯ ಮೇಷ್ಟ್ರಾದದ್ದು ಆಕಸ್ಮಿಕವಲ್ಲ. ಸಮಿತಿಯ ಅಧ್ಯಯನ ಶಿಬಿರಗಳಲ್ಲಿ ಭೂಮಿ ಹೋರಾಟದ ಜೊತೆಗೆ ಓದೂ ನಡೆಯಿತು, ಹಾಡೂ ನಡೆಯಿತು. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಬರೀ ಕಟ್ಟಡವಾಗಿ ಬರುವುದಿಲ್ಲ, ಒಂದು ಪಾತ್ರವಾಗಿಯೇ ಬರುತ್ತದೆ. ಅವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದನ್ನು ಊರೂರಿಗೆ ಒಯ್ದವು ಚಳವಳಿಗಾರರ ಬಾಯಿಗಳು. ಇಂಥ ಹಾಸ್ಟೆಲಿನ ಮಂಚ, ಟ್ರಂಕು, ಮುದ್ದೆಯ ಸಾಲು, ರಾತ್ರಿಯ ಜಗಳಗಳೇ ನಮ್ಮ ಗುರುಕುಲ.

ಇಲ್ಲಿ ದಲಿತ ವಿಮರ್ಶೆಗೆ ನನ್ನ ತಕರಾರು ಇದೆ. ಆತ್ಮಕಥನಗಳನ್ನು ಓದುವಾಗ ನಾವು ಹಸಿವು ಎಣಿಸಿದ್ದೇವೆ, ಅವಮಾನ ಎಣಿಸಿದ್ದೇವೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಸರ್ಕಾರಿ ಸವಲತ್ತು ಪಡೆದವನನ್ನು ಚುಚ್ಚಲು ಬಳಸುತ್ತಿದ್ದ ಮಾತೇ ಅದರ ಶೀರ್ಷಿಕೆ. ಆ ಚುಚ್ಚುಮಾತಿನ ರಾಜಕಾರಣದ ಬಗ್ಗೆ ನಾವು ಚರ್ಚಿಸಿದ್ದೇವೆ. ಆದರೆ ಆ ಸವಲತ್ತು ಇದೆಯೆಂದು ಹಳ್ಳಿಯ ಹುಡುಗನಿಗೆ ಹೇಳಿದವರು ಯಾರು, ನಮೂನೆ ತಂದುಕೊಟ್ಟವರು ಯಾರು, ಹಸಿರು ಶಾಯಿಯ ಸಹಿಗಾಗಿ ಅಧಿಕಾರಿಯ ಮನೆ ಮುಂದೆ ಜತೆಗೆ ನಿಂತವರು ಯಾರು ಎಂಬ ಪ್ರಶ್ನೆಗಳನ್ನು ಕೃತಿಗಳಿಗೆ ಕೇಳಿಲ್ಲ. ಅವಮಾನದ ಚರಿತ್ರೆ ನಮ್ಮನ್ನು ಎಚ್ಚರವಾಗಿಡುತ್ತದೆ. ನೆರವಿನ ಚರಿತ್ರೆ ಗೊತ್ತಿಲ್ಲದಿದ್ದರೆ, ಓದಿ ಮೇಲೆ ಬಂದ ಪ್ರತಿಯೊಬ್ಬನೂ ತಾನು ಒಬ್ಬನೇ ಈಜಿ ದಡ ಸೇರಿದೆ ಎಂದುಕೊಳ್ಳುತ್ತಾನೆ. ಹಾಗೆಂದುಕೊಂಡವನು ಹಿಂದೆ ತಿರುಗಿ ನೋಡುವುದಿಲ್ಲ. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಅಂಬೇಡ್ಕರ್ ಓದಿದವರು ಕೈಬಿಟ್ಟರೆಂದು ನೊಂದು ಮಾತಾಡಿದ್ದು ಇಂಥವರನ್ನು ಕುರಿತೇ.

5

ನನ್ನ ಕೈ ಹಿಡಿದವರ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎ. ಸೇರಿದಾಗ ಹಾಸ್ಟೆಲಿನಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಓಡಾಡುತ್ತಿದ್ದ ಒಬ್ಬ ಅಣ್ಣ ಇದ್ದರು. ನನ್ನ ಅಪ್ಪ ಹೆಬ್ಬೆಟ್ಟು ಒತ್ತುವವರು, ಅವ್ವನಿಗೆ ಯೂನಿವರ್ಸಿಟಿ ಅಂದರೆ ಬಸ್ ಸ್ಟಾಪು. ಆ ಅಣ್ಣ ನನ್ನನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಜಾತಿ ಸರ್ಟಿಫಿಕೇಟಿನ ಆರ್.ಡಿ. ನಂಬರು ಎಲ್ಲಿರುತ್ತದೆ ಎಂದು ತೋರಿಸಿದರು. ವಿದ್ಯಾರ್ಥಿವೇತನಕ್ಕೆ ಅದೇ ಬೀಗದ ಕೈ. ಸರ್ವರ್ ಸಿಗದ ದಿನ ರಾತ್ರಿ ಎರಡು ಗಂಟೆಗೆ ಎಬ್ಬಿಸಿ 'ಏಳಪ್ಪ, ಈಗ ಓಪನ್ ಆಯ್ತದೆ' ಎಂದು ಅರ್ಜಿ ತುಂಬಿಸಿದರು. ಯಾವ ವಿಷಯ ತಗೊಂಡರೆ ಏನಾಗಬಹುದು, ಕೆಸೆಟ್ ಎಂದರೇನು, ಮೌಖಿಕ ಪರೀಕ್ಷೆಯಲ್ಲಿ ಊರ ಹೆಸರು ಕೇಳಿ ಜಾತಿ ತಿಳಿಯಲು ನೋಡುವವರ ಮುಂದೆ ಹೇಗೆ ಕೂರಬೇಕು, ಎಲ್ಲ ಹೇಳಿಕೊಟ್ಟರು. 'ಒಂದ್ ಕಾಪಿ ಜೆರಾಕ್ಸ್ ಸಾಲದು, ಹತ್ತು ಇಟ್ಕೊ' ಎಂಬುದು ಅವರ ಉಪದೇಶ. ನನಗೆ ಸಿಕ್ಕಿದ ಗುರುಮಂತ್ರ ಅದೇ.

ಮೂರು ವರ್ಷದಲ್ಲಿ ಅವರು ನಮ್ಮಂಥ ಎಷ್ಟು ಹುಡುಗರ ಅರ್ಜಿ ತುಂಬಿದರೋ ಲೆಕ್ಕವಿಲ್ಲ. ಅವರ ಸ್ವಂತ ಪಿಎಚ್.ಡಿ. ಆಗಲಿಲ್ಲ. ಮಾರ್ಗದರ್ಶಕರು ಸಿಗಲಿಲ್ಲ. ಸೀಟು ಇಲ್ಲ, ಆಮೇಲೆ ಬನ್ನಿ, ನಿಮ್ಮ ವಿಷಯ ನನ್ನದಲ್ಲ ಅನ್ನುವ ಉತ್ತರಗಳನ್ನು ತಂದು ಮಂಚದ ಮೇಲೆ ಕೂತು ನಗುತ್ತಾ ಹೇಳುತ್ತಿದ್ದರು. ಈಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುತ್ತಾರೆ. ನನಗೆ ಕೆಲಸ ಸಿಕ್ಕಿದಾಗ ಫೋನು ಮಾಡಿ ಹೇಳಿದೆ. 'ಮುಂದ್ಲವ್ರುನ್ನ ನೋಡ್ಕೊ' ಅಂದರು. ಮುಂದ್ಲವ್ರು ಅಂದರೆ ನನಗಿಂತ ಮೇಲಿನವರಲ್ಲ, ನನ್ನ ನಂತರ ಬರುವವರು.

ಅವರ ಸೋಲನ್ನು ವೈಯಕ್ತಿಕ ದುರದೃಷ್ಟ ಎಂದು ನಾನು ಒಪ್ಪುವುದಿಲ್ಲ. ದೆಹಲಿಯ ಏಮ್ಸ್ ಸಂಸ್ಥೆಯ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ, ಅಧ್ಯಾಪಕರಿಂದ ಸಾಕಷ್ಟು ಬೆಂಬಲ ಸಿಗುವುದಿಲ್ಲ ಎಂದ ಪರಿಶಿಷ್ಟ ವಿದ್ಯಾರ್ಥಿಗಳು ನೂರಕ್ಕೆ 69. ಸೀಟು ಸಿಕ್ಕಿದವರ ಸ್ಥಿತಿ ಇದು. ಬಾಗಿಲು ತೆರೆದಿದೆ, ಒಳಗೆ ಯಾರೂ ಮಾತಾಡಿಸುವುದಿಲ್ಲ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಸತ್ತಾಗ ಅವನ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿದ್ದರು. ಅವನ ಪಕ್ಕದಲ್ಲಿ ಬಯಲಲ್ಲಿ ಮಲಗಿದವರು ಅವನ ಜೊತೆಗಾರರು. ಸಂಸ್ಥೆ ಕೈಬಿಟ್ಟ ಕಡೆಯಲ್ಲೆಲ್ಲ ಭಾರ ಹೊರುವುದು ಹಾಸ್ಟೆಲಿನ ಅಣ್ಣತಮ್ಮಂದಿರೇ. ಮೇಲ್ಜಾತಿಯ ಹುಡುಗನಿಗೆ ಮನೆಯಲ್ಲಿ ಮಾವ, ಚಿಕ್ಕಪ್ಪ, ಅಪ್ಪನ ಸ್ನೇಹಿತರು ಮಾಡುವ ಕೆಲಸವನ್ನು ನಮ್ಮಲ್ಲಿ ಸ್ವತಃ ಅರ್ಧ ದಾರಿಯಲ್ಲಿರುವ ಒಬ್ಬ ಅಣ್ಣ ತನ್ನ ಓದಿನ ಹೊತ್ತನ್ನು ಕೊಟ್ಟು ಮಾಡುತ್ತಾನೆ. ಹೆಬ್ಬೆರಳು ಕೇಳುವವರಿಲ್ಲದಿದ್ದರೂ ಅವನು ಕೊಟ್ಟಿರುತ್ತಾನೆ. ಆದ್ದರಿಂದ ಈ ತ್ಯಾಗವನ್ನು ಹಾಡಿ ಹೊಗಳುವುದಕ್ಕಿಂತ, ಆ ಕೆಲಸವನ್ನು ಸಂಬಳ ತೆಗೆದುಕೊಳ್ಳುವ ನಮ್ಮಂಥವರು ಯಾಕೆ ಮಾಡುತ್ತಿಲ್ಲ ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ.

6

ಇನ್ನೊಂದು ಮಾತು ಉಳಿದಿದೆ. ಇಲ್ಲಿವರೆಗೆ ನಾನು ಹೇಳಿದ್ದೆಲ್ಲ ಹೆಚ್ಚುಕಡಿಮೆ ಅಣ್ಣಂದಿರ ಚರಿತ್ರೆ. ಬಾಗಿಲಲ್ಲಿ ನಿಂತದ್ದು ಹುಡುಗಿ. ರಾತ್ರಿ ಎರಡು ಗಂಟೆಗೆ ಅವಳನ್ನು ಯಾವ ಅಣ್ಣ ಎಬ್ಬಿಸಬೇಕು? ಹುಡುಗಿಯರ ಹಾಸ್ಟೆಲಿಗೆ ಸಂಜೆ ಬೀಗ. ಮನೆಯಲ್ಲಿ ಬಿ.ಎ. ಆಯ್ತಲ್ಲ ಎಂಬ ಮಾತು. ನಮ್ಮ ಚಳವಳಿಯ ಶಿಬಿರಗಳಲ್ಲಿ ಎಷ್ಟು ಹೆಣ್ಣುಮಕ್ಕಳು ರಾತ್ರಿ ಉಳಿದು ಚರ್ಚಿಸಲು ಸಾಧ್ಯವಿತ್ತು? ಗಂಡುಹುಡುಗರ ಕೋಣೆಗಳಲ್ಲಿ ಬೆಳೆದ ಈ ಸಾಲು ಹೆಣ್ಣುಮಕ್ಕಳ ಬಾಗಿಲಿಗೆ ಬಂದು ನಿಂತುಬಿಟ್ಟಿದೆ.

ಅಕ್ಕಂದಿರು ಇರಲಿಲ್ಲ ಅಂತಲ್ಲ. ನಾಗಪುರದ ಜಾಯಿಬಾಯಿ ಚೌಧರಿ ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ಮಹಾರ ಹೆಣ್ಣುಮಗಳು. ಆಕೆಗೆ ಓದು ಬರುವುದನ್ನು ಗಮನಿಸಿದ ಮಿಷನರಿ ಮಹಿಳೆಯೊಬ್ಬರು ಶಾಲೆಯಲ್ಲಿ ಮೇಡಂ ಕೆಲಸ ಕೊಡಿಸಿದರು. ಜಾತಿ ತಿಳಿದ ಮೇಲೆ ಮೇಲ್ಜಾತಿಯವರು ಮಕ್ಕಳನ್ನು ಕಳಿಸಲು ಒಪ್ಪಲಿಲ್ಲ, ಕೆಲಸ ಹೋಯಿತು. ಆಕೆ ಮತ್ತೊಂದು ಕೆಲಸಕ್ಕೆ ಯಾರ ಬಾಗಿಲನ್ನೂ ತಟ್ಟಲಿಲ್ಲ. 1922ರಲ್ಲಿ ಚೋಖಾಮೇಳನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ತನಗೆ ಒಂದು ಸಲ ಸಿಕ್ಕಿ ತಪ್ಪಿಹೋದ ಕೈಯನ್ನು ಇನ್ನೊಬ್ಬರಿಗೆ ಚಾಚಿದ ಈ ಹೆಂಗಸು ಕೇಳುಸ್ಕರ್, ಗಾಯಕವಾಡರಷ್ಟೇ ನಮ್ಮ ಚರಿತ್ರೆಗೆ ಬೇಕಾದವಳು. ಮುಕ್ತಾ ಸಾಳ್ವೆಯ ಪ್ರಬಂಧ ಸಿಕ್ಕಿದೆ. ಜಾಯಿಬಾಯಿಯ ಶಾಲೆಯ ಸುದ್ದಿ ಸಿಕ್ಕಿದೆ. ಕನ್ನಡ ನಾಡಿನ ಇಂಥ ಅಕ್ಕಂದಿರನ್ನು ಹುಡುಕಲು ನಾವಿನ್ನೂ ಸರಿಯಾಗಿ ಹೊರಟೇ ಇಲ್ಲ. ಹಾಸ್ಟೆಲಿನ ಅಡುಗೆಯವರು, ಅಂಗನವಾಡಿ ಟೀಚರು, ನರ್ಸಮ್ಮ ಎಂಬ ಹೆಸರುಗಳ ಹಿಂದೆ ಅವರಿದ್ದಾರೆ.

7

ಈ ಚರಿತ್ರೆ ಬರೆಯಲು ದೊಡ್ಡ ಪತ್ರಾಗಾರ ಬೇಕಿಲ್ಲ. ಓದಿದ ದಲಿತರೆಲ್ಲರ ಮನೆಯಲ್ಲೂ ಒಂದು ಟ್ರಂಕೋ ಕವರೋ ಇದೆ. ಅದರಲ್ಲಿ ಹಳೆಯ ಅರ್ಜಿಗಳ ಜೆರಾಕ್ಸ್ ಇದೆ. ಅರ್ಜಿಯ ಅಕ್ಷರ ಯಾರದ್ದೆಂದು ನೋಡಿ. ಬಹಳ ಸಲ ಅದು ನಿಮ್ಮ ಅಕ್ಷರವಾಗಿರುವುದಿಲ್ಲ. ಫೀಸು ಕಟ್ಟಿದ ರಸೀದಿಯ ಹಣ ಯಾರದ್ದು ನೆನೆಸಿಕೊಳ್ಳಿ. ಸಂಘಟನೆಯ ಗೆಳೆಯರು ತಮ್ಮ ತಮ್ಮ ತಾಲ್ಲೂಕಿನಲ್ಲಿ ಇಂಥ ಹೆಸರುಗಳನ್ನು ಬರೆದಿಟ್ಟರೆ, ನಮ್ಮ ಓದಿನ ಚರಿತ್ರೆ ದೊರೆ, ದಾನಿ, ಮಹಾಪುರುಷರ ಸಾಲಿನಿಂದ ಇಳಿದು ಕೇರಿಗೆ ಬರುತ್ತದೆ. ಅಧ್ಯಾಪಕ ಗೆಳೆಯರಲ್ಲಿ ನನ್ನದು ಇನ್ನೂ ಸಣ್ಣ ಕೋರಿಕೆ. ನಿಮ್ಮ ವಿಶ್ವವಿದ್ಯಾಲಯದ ಅರ್ಜಿಯ ಕೊನೇ ದಿನಾಂಕ, ವಿದ್ಯಾರ್ಥಿವೇತನದ ಕೊನೇ ದಿನಾಂಕ ಕರಿಹಲಗೆಯ ಮೂಲೆಯಲ್ಲಿ ಬರೆಯಿರಿ. ವಿದ್ಯಾರ್ಥಿ ಬಾಗಿಲಿಗೆ ಬರುವ ಮುಂಚೆ ನೀವೇ ಕೇಳಿ. ಬಾಗಿಲಿಗೆ ಬರಲು ಎಷ್ಟು ಧೈರ್ಯ ಬೇಕೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನೂ ಪಟ್ಟಿ ಶುರುಮಾಡಿದ್ದೇನೆ. ಮೊದಲ ಹೆಸರು ಆ ಅಣ್ಣನದು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಗೆ ಮೊನ್ನೆ ಭಾನುವಾರ ಫೋನು ಮಾಡಿದೆ. ಆದಾಯದ ಸರ್ಟಿಫಿಕೇಟು ಮಾಡಿಸೋಣ, ಹೆಸರಿನ ತಿದ್ದುಪಡಿಗೆ ನಾನೇ ಜತೆಗೆ ಬರ್ತೀನಿ, ಈ ಸಲ ಅರ್ಜಿ ಹಾಕು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: 'ನಾಳೆ ಬಾ ಅನ್ನಲ್ವ ಸಾ?' ಆ ಪ್ರಶ್ನೆಗೆ ನಾನು ಫೋನಿನಲ್ಲಿ ಹೇಳಿದ ಉತ್ತರಕ್ಕೆ ಬೆಲೆಯಿಲ್ಲ. ಬರುವ ಶನಿವಾರ ಅವಳಿಗೆ ಅರ್ಧ ದಿನ ರಜೆಯಂತೆ. ನಾಡಕಚೇರಿ ಮುಂದೆ ಎರಡು ಗಂಟೆಗೆ ಬರುತ್ತೇನೆ ಎಂದಿದ್ದೇನೆ.